ಎಂಜಿನ್ ನಿಂತ ವಿಮಾನ ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಬರೆದು ಮುಗಿದ ನೋಟ್‌ಬುಕ್ಕಿನ ಒಂದು ಹಾಳೆ ಕಿತ್ತು ಕಾಗದದ ವಿಮಾನ ಮಾಡಿಕೊಳ್ಳಿ. ಹೊಸ ನೋಟ್‌ಬುಕ್ ಹರಿದು ಅಮ್ಮನ ಕೈಲಿ ಬೈಸಿಕೊಂಡರೆ ಮಾತ್ರ ನನ್ನ ಹೆಸರು ಹೇಳಬೇಡಿ. ಅಂಗಳಕ್ಕೆ ಬಂದು, ತೋಳೆತ್ತಿ, ಅದನ್ನು ಮೆಲ್ಲಗೆ ಮುಂದಕ್ಕೆ ಬಿಡಿ. ಜೋರಾಗಿ ಎಸೆಯುವುದು ಬೇಡ. ಕೈಬಿಟ್ಟ ಕೂಡಲೇ ಅದು ದೊಪ್ಪನೆ ಬೀಳುವುದಿಲ್ಲ. ಗಾಳಿಯ ಮೇಲೆ ಜಾರುತ್ತಾ, ಇಷ್ಟಿಷ್ಟೇ ಕೆಳಗಿಳಿಯುತ್ತಾ, ತುಳಸಿಕಟ್ಟೆಯನ್ನೂ ದಾಟಿ ಹೋಗಿ ನೆಲ ಮುಟ್ಟುತ್ತದೆ. ಈಗ ಹೇಳಿ, ಅದರ ಎಂಜಿನ್ ಎಲ್ಲಿತ್ತು?

ಎಂಜಿನ್ ಇರಲೇ ಇಲ್ಲ. ಆದರೂ ಹಾರಿತು. ಇದೊಂದು ಮಾತು ನೆನಪಿಟ್ಟುಕೊಂಡರೆ, ಇವತ್ತು ನಾವು ಜೊತೆಯಾಗಿ ಹೊರಟಿರುವ ದಾರಿ ಅರ್ಧ ಸವೆದಂತೆಯೇ. ಒಂದೇ ಎಂಜಿನ್ ಇರುವ ಪುಟ್ಟ ವಿಮಾನವೊಂದು ಆಕಾಶದಲ್ಲಿದೆ. ಇದ್ದಕ್ಕಿದ್ದಂತೆ ಆ ಎಂಜಿನ್ ನಿಂತುಹೋಯಿತು. ಆಗ ಏನಾಗುತ್ತದೆ? ಮನೆಯ ದೊಡ್ಡವರನ್ನು ಕೇಳಿ ನೋಡಿ. "ಇನ್ನೇನಾಗುತ್ತೆ, ಬಿದ್ದುಹೋಗುತ್ತೆ" ಅಂದುಬಿಡುತ್ತಾರೆ. ನಿಮ್ಮ ಕೈಯಲ್ಲಿರುವ ಕಾಗದದ ವಿಮಾನಕ್ಕೆ ಅವರಿಗಿಂತ ಚೆನ್ನಾಗಿ ಉತ್ತರ ಗೊತ್ತು.

ಮೊದಲು ನಿಜವಾದ ವಿಮಾನವನ್ನೇ ಹತ್ತಿರ ಹೋಗಿ ನೋಡೋಣ. ಅದರ ಹೆಸರು ಸೆಸ್ನಾ 172. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಬೇರೆ ಯಾವ ವಿಮಾನವನ್ನೂ ಜಗತ್ತಿನಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಮಾಡಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೂ ಇಂಥದೇ ವಿಮಾನದಲ್ಲಿ ಹಾರಾಟ ಕಲಿಸುತ್ತಾರೆ. ಒಳಗೆ ನಾಲ್ಕೇ ಸೀಟು. ಮೂತಿಯಲ್ಲಿ ಒಂದು ಎಂಜಿನ್, ಅದರ ಮುಂದೆ ತಿರುಗುವ ಪ್ರೊಪೆಲ್ಲರ್. ರೆಕ್ಕೆಗಳು ಕೂತವರ ತಲೆಯ ಮೇಲಿವೆ. ಈ ತುದಿಯಿಂದ ಆ ತುದಿಗೆ 36 ಅಡಿ. ಇಂಧನದ ಟ್ಯಾಂಕು ಆ ರೆಕ್ಕೆಗಳ ಹೊಟ್ಟೆಯೊಳಗೇ ಇದೆ. ಜನ, ಇಂಧನ, ಸಾಮಾನು ಎಲ್ಲ ಸೇರಿದರೂ ತೂಕ ಸಾವಿರದ ನೂರು ಕಿಲೋದ ಆಸುಪಾಸು.

ಇಷ್ಟು ತೂಕವನ್ನು ಮೇಲೆ ಎತ್ತಿ ಹಿಡಿದಿರುವುದು ಎಂಜಿನ್ ಅಂತ ನಮಗೆ ಅನಿಸುತ್ತದೆ. ಅಲ್ಲ. ಎಂಜಿನ್ ಮಾಡುವ ಕೆಲಸ ಒಂದೇ: ವಿಮಾನವನ್ನು ಮುಂದಕ್ಕೆ ಎಳೆಯುವುದು. ಎತ್ತಿ ಹಿಡಿಯುವುದು ರೆಕ್ಕೆ. ನಂಬಿಕೆ ಬರಲಿಲ್ಲವೇ? ಮನೆಯಲ್ಲಿ ಟೇಬಲ್ ಫ್ಯಾನ್ ಇದ್ದರೆ ಹಾಕಿ. ಅದರಿಂದ ಒಂದು ಮಾರು ದೂರ ನಿಂತು, ಒಂದು ಅಗಲವಾದ ರಟ್ಟನ್ನು ಎರಡೂ ಕೈಯಲ್ಲಿ ಮಲಗಿಸಿ ಹಿಡಿಯಿರಿ. ಫ್ಯಾನಿನ ಕಡೆಗಿರುವ ಅಂಚನ್ನು ಸ್ವಲ್ಪವೇ ಸ್ವಲ್ಪ ಮೇಲೆತ್ತಿ. ರಟ್ಟು ಕೈಯಿಂದ ಎದ್ದುಹೋಗಲು ನೋಡುತ್ತದೆ! ಓಡಿ ಬಂದ ಗಾಳಿಯನ್ನು ರಟ್ಟು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರಟ್ಟನ್ನು ಮೇಲಕ್ಕೆ ದೂಡುತ್ತದೆ. ವಿಮಾನದಲ್ಲಿ ಗಾಳಿಯೇ ಓಡಿ ಬರಬೇಕೆಂದಿಲ್ಲ, ರೆಕ್ಕೆಯೇ ಗಾಳಿಯೊಳಗೆ ಓಡುತ್ತದೆ. ಎರಡೂ ಒಂದೇ.

ಹಾಗಾದರೆ ರೆಕ್ಕೆಗೆ ಬೇಕಾದದ್ದು ಓಟ. ಎಂಜಿನ್ ನಿಂತ ಮೇಲೆ ಓಟ ಎಲ್ಲಿಂದ ಬರಬೇಕು? ನೀವು ಸೈಕಲ್ಲಿನಲ್ಲಿ ದಿಬ್ಬ ಹತ್ತಿದ್ದೀರಿ ಅಂದುಕೊಳ್ಳಿ. ಹತ್ತುವಾಗ ಪೆಡಲ್ ತುಳಿದು ತುಳಿದು ಕಾಲು ಸೋತುಹೋಗಿರುತ್ತದೆ. ಇಳಿಯುವಾಗ ಕಾಲು ಆಡಿಸಬೇಕಾಗಿಯೇ ಇಲ್ಲ, ಸೈಕಲ್ ತಾನಾಗಿ ಓಡುತ್ತದೆ. ಹತ್ತುವಾಗ ಹಾಕಿದ ಶ್ರಮ ಎಲ್ಲೂ ಹೋಗಿಲ್ಲ. ಎತ್ತರವಾಗಿ ಕೂಡಿಟ್ಟಿತ್ತು, ಈಗ ಓಟವಾಗಿ ವಾಪಸ್ ಬರುತ್ತಿದೆ. ವಿಮಾನವೂ ಎಂಜಿನ್ ಚೆನ್ನಾಗಿದ್ದಾಗ ಎತ್ತರವನ್ನು ಕೂಡಿಟ್ಟುಕೊಂಡಿರುತ್ತದೆ. ಎಂಜಿನ್ ನಿಂತಾಗ ಆ ಎತ್ತರವನ್ನು ಇಷ್ಟಿಷ್ಟೇ ಖರ್ಚು ಮಾಡಿ ಓಟ ಕೊಳ್ಳುತ್ತದೆ. ಕಣ್ಣಿಗೆ ಕಾಣದ ಒಂದು ಇಳಿಜಾರು ಗಾಳಿಯಲ್ಲಿದೆ, ವಿಮಾನ ಅದರ ಮೇಲೆ ಇಳಿಯುತ್ತಿದೆ ಎಂದು ಮನಸ್ಸಿನಲ್ಲಿ ಚಿತ್ರ ಬಿಡಿಸಿಕೊಳ್ಳಿ.

ಆ ಇಳಿಜಾರು ಎಷ್ಟು ಕಡಿದು? ಸೆಸ್ನಾ 172 ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಸ್ಲೇಟು ತಂದು ಲೆಕ್ಕ ಹಾಕೋಣ. ನೆಲದಿಂದ 3,000 ಅಡಿ ಮೇಲಿದ್ದಾಗ ಎಂಜಿನ್ ನಿಂತಿತು. ಮೂರು ಸಾವಿರವನ್ನು ಒಂಬತ್ತರಿಂದ ಗುಣಿಸಿ: 27,000 ಅಡಿ, ಅಂದರೆ ಸುಮಾರು 8 ಕಿಲೋಮೀಟರ್. ನಿಮ್ಮ ಊರಿನಿಂದ ಎಂಟು ಕಿಲೋಮೀಟರ್ ದೂರದಲ್ಲಿ ಯಾವ ಊರಿದೆ, ಯೋಚಿಸಿ. ಎಂಜಿನ್ ಇಲ್ಲದೆ ಅಲ್ಲಿಯವರೆಗೆ! ಅಷ್ಟು ದೂರಕ್ಕೆ ಹಿಡಿಯುವ ಹೊತ್ತು ನಾಲ್ಕು ನಿಮಿಷ. ನಾಲ್ಕು ನಿಮಿಷ ಬಹಳವೇನಲ್ಲ. ಆದರೆ ತಲೆ ಕೆಟ್ಟು ಕೂರದಿದ್ದರೆ ಅದರಲ್ಲಿ ಎಷ್ಟೋ ಕೆಲಸ ಮುಗಿಸಬಹುದು.

ಇನ್ನು ಬರುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕಾಗದದ ವಿಮಾನವನ್ನು ಮತ್ತೆ ಕೈಗೆತ್ತಿಕೊಳ್ಳಿ. ಈ ಸಲ ಅದರ ಮೂತಿಯನ್ನು ಆಕಾಶಕ್ಕೆ ತಿರುಗಿಸಿ ಬಿಡಿ. ಅದು ಮೇಲೇರುತ್ತದೆ, ಏರುತ್ತಾ ಏರುತ್ತಾ ನಿಧಾನವಾಗುತ್ತದೆ, ಒಂದು ಕ್ಷಣ ಅನುಮಾನ ಬಂದಂತೆ ನಿಂತು, ಆಮೇಲೆ ಮೂತಿ ಕೆಳಗೆ ಮಾಡಿ ದಬಕ್ಕನೆ ಬೀಳುತ್ತದೆ. ನಾಲ್ಕೈದು ಸಲ ಮಾಡಿ ನೋಡಿ. ಓಟ ಕಡಿಮೆಯಾಗಿ, ಮೂತಿ ಮಾತ್ರ ಮೇಲೆದ್ದಿದ್ದಾಗ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯಲಾರದು. ಕಿತ್ತುಕೊಂಡು ಸುಳಿಸುಳಿಯಾಗಿ ಚೆದುರಿಹೋಗುತ್ತದೆ. ಆಗ ರೆಕ್ಕೆ ಎತ್ತಿ ಹಿಡಿಯುವ ಕೆಲಸವನ್ನು ಕೈಬಿಡುತ್ತದೆ. ಪೈಲಟ್‌ಗಳು ಇದಕ್ಕೆ ಸ್ಟಾಲ್ ಅನ್ನುತ್ತಾರೆ.

ಎಂಜಿನ್ ನಿಂತಾಗ ಮನುಷ್ಯನ ಕೈ ತಾನಾಗಿ ಏನು ಮಾಡಲು ಹೋಗುತ್ತದೆ ಗೊತ್ತೇ? ನೆಲ ಹತ್ತಿರ ಬರುತ್ತಿದೆ ಎಂದು ಹೆದರಿ ಮೂತಿಯನ್ನು ಮೇಲೆತ್ತಲು ಹೋಗುತ್ತದೆ. ಮೇಲೆತ್ತಿದರೆ ಹೆಚ್ಚು ಹೊತ್ತು ಮೇಲಿರಬಹುದು ಎಂಬ ಆಸೆ. ಆಗುವುದು ಅದಕ್ಕೆ ಉಲ್ಟಾ: ಓಟ ಸಾಯುತ್ತದೆ, ಸ್ಟಾಲ್ ಆಗುತ್ತದೆ. ಹಾಗಾಗಿ ಪೈಲಟ್ ಮಾಡುವ ಮೊಟ್ಟಮೊದಲ ಕೆಲಸ, ಮನಸ್ಸು ಬೇಡಬೇಡ ಎಂದರೂ, ಮೂತಿಯನ್ನು ಸ್ವಲ್ಪ ಕೆಳಗೆ ಮಾಡುವುದು. ದೂರ ಹೋಗಬೇಕಾದರೆ ಇಳಿಯಲು ಒಪ್ಪಿಕೊಳ್ಳಬೇಕು. ಹಾಗಂತ ತೀರಾ ಕೆಳಗೆ ಮಾಡಿದರೂ ನಷ್ಟವೇ. ವೇಗ ವಿಪರೀತವಾಗಿ ಗಾಳಿಯ ತಡೆ ಹೆಚ್ಚುತ್ತದೆ, ಎತ್ತರ ಬೇಗ ಖಾಲಿಯಾಗುತ್ತದೆ. ಎರಡರ ನಡುವೆ ಒಂದು ಹದವಿದೆ. ಈ ವಿಮಾನಕ್ಕೆ ಅದು ಸುಮಾರು 65 ನಾಟ್, ನಮ್ಮ ಲೆಕ್ಕದಲ್ಲಿ ಗಂಟೆಗೆ 120 ಕಿಲೋಮೀಟರ್. ಈ ಅಂಕಿ ಪೈಲಟ್‌ಗೆ ಮಗ್ಗಿಯ ಹಾಗೆ ಬಾಯಿಗೆ ಬರಬೇಕು.

ಒಳಗೆ ಕೂತವರಿಗೆ ಆಗ ಏನು ಕೇಳಿಸುತ್ತದೆ? ಪೂರ್ತಿ ನಿಶ್ಶಬ್ದ ಅಂದುಕೊಂಡಿದ್ದರೆ ಅದೂ ಸರಿಯಲ್ಲ. ಎಂಜಿನ್ನಿನ ಗದ್ದಲ ನಿಂತ ಮೇಲೆ ಅಷ್ಟು ಹೊತ್ತು ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಗಾಳಿಯ ಸದ್ದು ಮೇಲೆದ್ದು ಬರುತ್ತದೆ. ಬಾಗಿಲ ಸಂದಿಯಲ್ಲಿ ಸುಂಯ್ ಎನ್ನುತ್ತದೆ. ಎದುರಿಗೆ ಪ್ರೊಪೆಲ್ಲರ್ ಸಾಮಾನ್ಯವಾಗಿ ತಿರುಗುತ್ತಲೇ ಇರುತ್ತದೆ. ಎಂಜಿನ್ ತಿರುಗಿಸುತ್ತಿಲ್ಲ, ಎದುರುಗಾಳಿ ತಿರುಗಿಸುತ್ತಿದೆ. ಕಿವಿ ಪಳಗಿದ ಪೈಲಟ್ ಆ ಗಾಳಿಯ ಸದ್ದಿನಲ್ಲೇ ವೇಗ ಅಳೆಯುತ್ತಾನೆ. ಸದ್ದು ಕುಗ್ಗಿದರೆ ನಿಧಾನವಾಯಿತು ಎಂದು ಅರ್ಥ, ಮೂತಿ ಇನ್ನೊಂಚೂರು ಕೆಳಗೆ ಹೋಗಬೇಕು.

ಸರಿ, ಎಂಜಿನ್ ನಿಲ್ಲುವುದಾದರೂ ಯಾಕೆ? ಅದು ಕೇಳುವುದು ಮೂರೇ ವಸ್ತು: ಇಂಧನ, ಗಾಳಿ, ಕಿಡಿ. ಕಿಡಿಯ ವಿಷಯದಲ್ಲಿ ಎಂಜಿನಿಯರುಗಳು ಬಲು ಜಾಣರು. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೂ ಎರಡೆರಡು ಸ್ಪಾರ್ಕ್ ಪ್ಲಗ್ ಇಟ್ಟಿದ್ದಾರೆ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಕೂಡ ಎರಡು. ಒಂದು ಕೈಕೊಟ್ಟರೂ ಇನ್ನೊಂದು ನಡೆಸುತ್ತದೆ. ಹಾರುವ ಮುನ್ನ ಪೈಲಟ್ ಒಂದೊಂದನ್ನೇ ಆರಿಸಿ ಪರೀಕ್ಷೆ ಮಾಡುವುದೂ ಉಂಟು.

ಇಂಧನದ ಕಥೆ ಬೇರೆ. ಅಲ್ಲಿ ಕೈಕೊಡುವುದು ಬಹಳ ಸಲ ಯಂತ್ರವಲ್ಲ, ಮನುಷ್ಯ. ಒಂದು ದೊಡ್ಡ ವಿಮಾನದ ಕಥೆ ಹೇಳುತ್ತೇನೆ, ಗಣಿತ ಬೇಜಾರು ಅನ್ನುವವರು ಕಿವಿಗೊಟ್ಟು ಕೇಳಿ. 1983ರ ಜುಲೈ 23ರಂದು ಕೆನಡಾದಲ್ಲಿ ಬೋಯಿಂಗ್ 767 ಒಂದಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಆ ದೇಶ ಆಗಷ್ಟೇ ಪೌಂಡ್ ಬಿಟ್ಟು ಕಿಲೋಗೆ ಬರುತ್ತಿತ್ತು. ಲೆಕ್ಕದಲ್ಲಿ ಎರಡೂ ಕಲಸಿಹೋಗಿ ವಿಮಾನ 22,300 ಪೌಂಡ್ ಇಂಧನದೊಂದಿಗೆ ಹೊರಟಿತು. ಒಂದು ಕಿಲೋ ಅಂದರೆ ಸುಮಾರು 2.2 ಪೌಂಡ್, ಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ! 41,000 ಅಡಿಯ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತಾ ಬಂತು, ಒಂದಾದ ಮೇಲೊಂದು ಎರಡೂ ಎಂಜಿನ್ ನಿಂತವು. ಪುಣ್ಯಕ್ಕೆ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅವರಿಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಅಷ್ಟು ದೊಡ್ಡ ವಿಮಾನವನ್ನು ಜಾರಿಸುತ್ತಲೇ ತಂದು, ಗಿಮ್ಲಿ ಎಂಬಲ್ಲಿ, ಕಾರು ರೇಸಿಗೆ ಬಳಸುತ್ತಿದ್ದ ಹಳೆಯ ರನ್‌ವೇ ಮೇಲೆ ಇಳಿಸಿದರು. ಒಳಗಿದ್ದ 69 ಜನರೂ ಉಳಿದರು. ನಮ್ಮ ಸೆಸ್ನಾದ ಪೈಲಟ್ ಹಾರುವ ಮುನ್ನ ರೆಕ್ಕೆಯ ಎತ್ತರಕ್ಕೆ ಹತ್ತಿ, ಟ್ಯಾಂಕಿನ ಮುಚ್ಚಳ ಬಿಚ್ಚಿ, ಕಡ್ಡಿ ಅದ್ದಿ ಇಂಧನ ಎಷ್ಟಿದೆ ಎಂದು ಕಣ್ಣಾರೆ ನೋಡುವುದು ಇದಕ್ಕೇ. ಒಳಗೆ ಮೀಟರ್ ಇದ್ದೇ ಇದೆ. ಆದರೂ ಕಡ್ಡಿ.

ಗಾಳಿಯಿಂದಲೂ ಒಂದು ವಿಚಿತ್ರ ತೊಂದರೆ ಬರುತ್ತದೆ. ಹಳೆಯ ಬೈಕುಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿಕೊಡುವ ಕಾರ್ಬ್ಯುರೇಟರ್ ಇರುತ್ತದಲ್ಲ, ಅನೇಕ ಪುಟ್ಟ ವಿಮಾನಗಳಲ್ಲೂ ಅದೇ ಇದೆ. ಡಾಕ್ಟರ ಶಾಪಿನಲ್ಲಿ ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿ ಉಜ್ಜಿದರೆ ತೋಳು ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗುತ್ತಾ ಚರ್ಮದ ಬಿಸಿಯನ್ನು ಕದ್ದೊಯ್ಯುವುದರಿಂದ ಹಾಗೆ. ಕಾರ್ಬ್ಯುರೇಟರಿನೊಳಗೆ ಇಂಧನ ಆವಿಯಾಗುವಾಗಲೂ ಅದೇ ಕಳ್ಳತನ ನಡೆಯುತ್ತದೆ. ಅಲ್ಲಿ 30 ಡಿಗ್ರಿಗಿಂತ ಹೆಚ್ಚು ಉಷ್ಣತೆ ಇಳಿಯಬಹುದು. ಹೊರಗೆ 20 ಡಿಗ್ರಿಯ ಹಿತವಾದ ಹವೆ, ಗಾಳಿಯಲ್ಲಿ ತೇವ. ಒಳಗೆ ಮಂಜುಗಡ್ಡೆ! ಅದು ಬೆಳೆದು ಬೆಳೆದು ಗಾಳಿಯ ದಾರಿ ಮುಚ್ಚಿದರೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಇದಕ್ಕೆಂದೇ ಪೈಲಟ್ ಮುಂದೆ ಒಂದು ಗುಬ್ಬಿ ಇದೆ. ಎಳೆದರೆ ಎಂಜಿನ್ನಿನ ಬಿಸಿಗೆ ಕಾದ ಗಾಳಿ ಒಳಗೆ ನುಗ್ಗಿ ಮಂಜನ್ನು ಕರಗಿಸುತ್ತದೆ. ಎಂಜಿನ್ ನಿಂತಾಗ, ವೇಗ ಸರಿಮಾಡಿಕೊಂಡ ಮೇಲೆ, ಪೈಲಟ್ ಒಂದೊಂದಾಗಿ ನೋಡುವ ಪಟ್ಟಿಯಲ್ಲಿ ಈ ಗುಬ್ಬಿಯೂ ಇದೆ. ಇನ್ನೊಂದು ಟ್ಯಾಂಕಿಗೆ ಇಂಧನದ ತಿರುಗಣೆ ತಿರುಗಿಸುವುದು, ಕಿಡಿಯ ಕೀಲಿ ನೋಡುವುದು ಇವೂ ಇವೆ. ಎಷ್ಟೋ ಸಲ ಇಷ್ಟರಲ್ಲೇ ಎಂಜಿನ್ ಮತ್ತೆ ಹೊತ್ತಿಕೊಂಡುಬಿಡುತ್ತದೆ.

ಇಷ್ಟೆಲ್ಲ ಕೇಳಿ ಈ ಎಂಜಿನ್ನುಗಳು ಕೆಲಸಕ್ಕೆ ಬಾರದವು ಎಂದುಕೊಳ್ಳಬೇಡಿ. 1958ರ ಡಿಸೆಂಬರ್ 4ರಂದು ಅಮೆರಿಕದ ಲಾಸ್ ವೇಗಾಸ್‌ನಿಂದ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬಿಬ್ಬರು ಇದೇ ಸೆಸ್ನಾ 172 ಹತ್ತಿ ಹೊರಟರು. ಇಳಿದದ್ದು 1959ರ ಫೆಬ್ರವರಿ 7ರಂದು. ನಡುವೆ ಎಲ್ಲೂ ನೆಲ ಮುಟ್ಟಲಿಲ್ಲ! 64 ದಿನ, 22 ಗಂಟೆ, 19 ನಿಮಿಷ. ನೇರವಾದ ರಸ್ತೆಯ ಮೇಲೆ ಒಂದು ಟ್ರಕ್ ಓಡುತ್ತಿತ್ತು, ಅದರ ತಲೆಯ ಮೇಲೇ ವಿಮಾನ ತೀರಾ ಕೆಳಗೆ ಹಾರುತ್ತಿತ್ತು; ಟ್ರಕ್ಕಿನಿಂದ ಮೇಲಕ್ಕೆ ಪೈಪು ಎಳೆದುಕೊಂಡು ಇಂಧನ ತುಂಬಿಕೊಳ್ಳುತ್ತಿದ್ದರು. ಊಟವೂ ಹಾಗೇ ಮೇಲೆ ಹೋಗುತ್ತಿತ್ತು. ಅಷ್ಟು ದಿನವೂ ಎಂಜಿನ್ ಒಂದು ಕ್ಷಣ ನಿಲ್ಲದೆ ಓಡಿತು. ಕೊನೆಗೆ ಒಳಗೆಲ್ಲ ಮಸಿ ಕಟ್ಟಿ, ಇಂಧನ ತುಂಬಿಕೊಂಡ ಭಾರಕ್ಕೆ ಮೇಲೇರಲು ಏದುಸಿರು ಬಿಡುವಂತಾದಾಗ ಇಳಿಸಿದರು.

ಈಗ ಮತ್ತೆ ನಮ್ಮ ನಾಲ್ಕು ನಿಮಿಷಕ್ಕೆ ಬರೋಣ. ಎಂಜಿನ್ ಹೊತ್ತಿಕೊಳ್ಳಲಿಲ್ಲ. ಎಲ್ಲಿ ಇಳಿಯುವುದು? ಮೇಲಿನಿಂದ ನೋಡಿದರೆ ಭೂಮಿ ಬಣ್ಣಬಣ್ಣದ ತುಂಡುಗಳಾಗಿ ಕಾಣುತ್ತದೆ. ಮೊದಲು ಕಣ್ಣಿಗೆ ಬೀಳುವುದು ರಸ್ತೆ. ನೀವೂ ರಸ್ತೆಯನ್ನೇ ಆರಿಸಿದಿರಲ್ಲವೇ? ರಸ್ತೆಯಲ್ಲಿ ಬಸ್ಸು, ಲಾರಿ, ಜನ. ಪಕ್ಕದಲ್ಲಿ ಮರ. ಎಲ್ಲಕ್ಕಿಂತ ಮೋಸ ಮಾಡುವುದು ಕರೆಂಟಿನ ತಂತಿ. ಮೇಲಿನಿಂದ ಅದು ಕಾಣುವುದೇ ಇಲ್ಲ. ಅದಕ್ಕೆ ಪೈಲಟ್ ತಂತಿಯನ್ನು ಹುಡುಕುವುದಿಲ್ಲ, ಕಂಬವನ್ನು ಹುಡುಕುತ್ತಾನೆ. ಒಂದರ ಹಿಂದೆ ಒಂದು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ ಎಂದು ಲೆಕ್ಕ.

ಹೊಲ ವಾಸಿ. ಆದರೆ ಯಾವ ಹೊಲ? ನೀರು ನಿಲ್ಲಿಸಿದ ಗದ್ದೆ ಮೇಲಿನಿಂದ ಕನ್ನಡಿ ಹಾಸಿದಷ್ಟು ಸಪಾಟಾಗಿ, ಬಾ ಎಂದು ಕರೆಯುತ್ತದೆ. ಮುಂದಿನ ಪುಟ್ಟ ಗಾಲಿ ಕೆಸರಿನಲ್ಲಿ ಹೂತುಕೊಂಡರೆ ವಿಮಾನ ಪಲ್ಟಿಯೇ. ಉತ್ತ ಹೊಲವಾದರೆ ನೇಗಿಲ ಸಾಲು ಯಾವ ಕಡೆಗಿದೆಯೋ ಅದೇ ಕಡೆಗೆ ಇಳಿಯಬೇಕು. ಅಡ್ಡ ಇಳಿದರೆ ಸಾಲುಸಾಲಿಗೂ ಗಾಲಿ ಎಡವುತ್ತದೆ. ಕಟಾವು ಮುಗಿದು ಕೂಳೆ ಉಳಿದಿರುವ ಗಟ್ಟಿ ನೆಲ ಬಹಳ ಒಳ್ಳೆಯದು. ಬೆಳೆ ಎದೆಯುದ್ದ ನಿಂತಿದ್ದರೆ ಅದರೊಳಗೆ ಬಾವಿ ಇದೆಯೋ ಬದು ಇದೆಯೋ ಹೇಳುವವರಾರು? ಹಳ್ಳಿಯಲ್ಲಿ ಬೆಳೆದ ಮಕ್ಕಳು ಇದನ್ನೆಲ್ಲ ಪಟ್ಟಣದ ಪೈಲಟ್‌ಗೇ ಹೇಳಿಕೊಟ್ಟಾರು ಅನ್ನುವುದು ನನ್ನ ಗುಮಾನಿ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎನ್ನುವುದೂ ಗೊತ್ತಾಗಬೇಕು. ಒಲೆಯ ಹೊಗೆ, ದಾರಿಯ ಧೂಳು, ಕೆರೆಯ ಮೇಲಿನ ಅಲೆ ಎಲ್ಲವೂ ಅದನ್ನು ಹೇಳುತ್ತವೆ. ಇಳಿಯುವುದು ಗಾಳಿಗೆ ಎದುರಾಗಿಯೇ. ಯಾಕೆಂದರೆ, ರೆಕ್ಕೆಗೆ ನೆಲದ ಲೆಕ್ಕ ಬೇಡ, ಗಾಳಿಯ ಲೆಕ್ಕ ಸಾಕು. ರೆಕ್ಕೆ ಗಾಳಿಯೊಳಗೆ ಗಂಟೆಗೆ 80 ಕಿಲೋಮೀಟರ್ ಓಡುತ್ತಿದೆ ಅನ್ನಿ. ಎದುರಿನಿಂದ 20ರ ಗಾಳಿ ಬೀಸುತ್ತಿದ್ದರೆ ನೆಲದ ಮೇಲೆ ವಿಮಾನದ ವೇಗ 60 ಮಾತ್ರ. ಅದೇ ಗಾಳಿ ಬೆನ್ನಿಗಿದ್ದರೆ 100. ಅರವತ್ತಕ್ಕೂ ನೂರಕ್ಕೂ ವ್ಯತ್ಯಾಸ ನಲವತ್ತೇ ಅಂದುಕೊಳ್ಳಬೇಡಿ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ ಎನ್ನುವುದು ಪ್ರಕೃತಿಯ ಮಗ್ಗಿ. ಆ ಮಗ್ಗಿಯ ಪ್ರಕಾರ ನೂರರ ಹೊಡೆತ ಅರವತ್ತರದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು ಜೋರು.

ಎತ್ತರವೇ ಇಲ್ಲದಿದ್ದಾಗ ಎಂಜಿನ್ ನಿಂತರೆ? ಕಷ್ಟವಿರುವುದು ಅಲ್ಲೇ. ನೆಲ ಬಿಟ್ಟು ಸ್ವಲ್ಪ ಹೊತ್ತಾಗಿದೆ, ಹಿಂದೆ ರನ್‌ವೇ ಇದೆ, ತಿರುಗಿ ಅಲ್ಲಿಗೇ ಹೋಗೋಣ ಅನಿಸುತ್ತದೆ. ಆದರೆ ತಿರುಗಬೇಕಾದರೆ ವಿಮಾನ ಒಂದು ಪಕ್ಕಕ್ಕೆ ವಾಲಬೇಕು. ವಾಲಿದಾಗ ಎತ್ತರ ಬೇಗ ಕರಗುತ್ತದೆ, ಸ್ಟಾಲ್ ಕೂಡ ಎಂದಿಗಿಂತ ಹೆಚ್ಚಿನ ವೇಗದಲ್ಲೇ ಬಂದುಬಿಡುತ್ತದೆ. ಎತ್ತರ ಸಾಲದಿದ್ದರೆ ಮೂತಿಯ ಎದುರಿಗೆ ಏನಿದೆಯೋ ಅದರಲ್ಲೇ ಮೇಲಾದದ್ದನ್ನು ಆರಿಸಿಕೋ ಎಂದು ಶಾಲೆಯಲ್ಲಿ ಕಲಿಸುತ್ತಾರೆ.

ಹ್ಯಾರಿಸನ್ ಫೋರ್ಡ್ ಎಂಬ ಅಮೆರಿಕದ ಸಿನಿಮಾ ನಟರ ಹೆಸರು ಕೇಳಿರಬಹುದು. ಅವರು ಪೈಲಟ್ ಕೂಡ. 2015ರ ಮಾರ್ಚ್ 5ರಂದು, ತಮ್ಮ 72ನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಿಲ್ದಾಣದಿಂದ ಒಂದು ಹಳೆಯ ರಾಯನ್ ವಿಮಾನದಲ್ಲಿ ಹಾರಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹುಡುಗರಿಗೆ ಹಾರಾಟ ಕಲಿಸಲು ಮಾಡಿದ, ಮೇಲೆ ಚಾವಣಿಯೇ ಇಲ್ಲದ ವಿಮಾನ ಅದು. ಸಾವಿರ ಅಡಿಯ ಆಸುಪಾಸಿನಲ್ಲಿದ್ದಾಗ ಎಂಜಿನ್ ಶಕ್ತಿ ಕಳೆದುಕೊಂಡಿತು. ಮರಳಿ ಬರುತ್ತೇನೆಂದು ರೇಡಿಯೊದಲ್ಲಿ ತಿಳಿಸಿ ತಿರುಗಿದರು. ರನ್‌ವೇ ಮುಟ್ಟಲಾಗದು ಎಂದು ಕಂಡಾಗ ಹಟ ಹಿಡಿಯಲಿಲ್ಲ. ಮನೆಗಳ ನಡುವೆ ಬಯಲಾಗಿ ಕಂಡ ಗಾಲ್ಫ್ ಮೈದಾನಕ್ಕೆ ಮೂತಿ ತಿರುಗಿಸಿದರು. ಒಂದು ಎತ್ತರದ ಮರದ ತುದಿ ತಾಗಿ ವಿಮಾನ ನೆಲಕ್ಕೆ ಬಡಿಯಿತು. ಮೂಳೆ ಮುರಿಯುವಂಥ ಪೆಟ್ಟಾಯಿತು, ಆದರೆ ಬದುಕಿದರು. ನೆಲದ ಮೇಲೆ ಯಾರಿಗೂ ಏಟಾಗಲಿಲ್ಲ.

ತನಿಖೆ ಮಾಡಿದವರಿಗೆ ಸಿಕ್ಕ ಕಾರಣ ಬಲು ಪುಟ್ಟದು. ಕಾರ್ಬ್ಯುರೇಟರಿನೊಳಗೆ ಇಂಧನವನ್ನು ಅಳೆದು ಬಿಡುವ ಒಂದು ಚಿಕ್ಕ ಭಾಗ ಇರುತ್ತದೆ, ನಡುವೆ ಸಣ್ಣ ತೂತಿರುವ ತಿರುಪಿನಂಥದು. ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸಿ ಸುಮಾರು 17 ವರ್ಷವಾಗಿತ್ತು. ಅಷ್ಟು ವರ್ಷದ ಅಲುಗಾಟಕ್ಕೆ ಆ ತಿರುಪು ಸಡಿಲವಾಗಿ ತನ್ನ ಜಾಗ ಬಿಟ್ಟು ಎದ್ದಿತ್ತು. ಎಂಜಿನ್‌ಗೆ ಇಂಧನ ಕಡಿಮೆಯಾಗಲಿಲ್ಲ, ಅತಿಯಾಯಿತು! ಗಾಳಿಯ ಪಾಲಿಗಿಂತ ಇಂಧನದ ಪಾಲು ವಿಪರೀತವಾದರೂ ಉರಿ ಸರಿಯಾಗಿ ಹತ್ತುವುದಿಲ್ಲ. ಆ ತಿರುಪನ್ನು ಆಗಾಗ ನೋಡಬೇಕು ಎಂದು ದುರಸ್ತಿಯ ಪುಸ್ತಕದಲ್ಲೂ ಬರೆದಿರಲಿಲ್ಲವಂತೆ.

ನೆಲ ಮುಟ್ಟುವ ಹೊತ್ತು ಬಂತು. ಈಗ ಪೈಲಟ್ ಇಂಧನ ಬಂದ್ ಮಾಡುತ್ತಾನೆ, ಕಿಡಿ ಆರಿಸುತ್ತಾನೆ, ಬೆಂಕಿಯ ಭಯ ಇರಬಾರದಲ್ಲ. ಬೆಲ್ಟು ಬಿಗಿಯುತ್ತಾನೆ. ಬಾಗಿಲ ಚಿಲಕವನ್ನು ಮೊದಲೇ ತೆಗೆದಿಡುತ್ತಾನೆ. ಇದೇನು, ಹಾರುತ್ತಿರುವಾಗ ಬಾಗಿಲು ತೆರೆಯುವುದೇ? ಹೌದು, ಇಳಿದ ರಭಸಕ್ಕೆ ವಿಮಾನದ ಮೈ ಸೊಟ್ಟಗಾದರೆ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಆಮೇಲೆ ಬಿಡಿಸಲಾಗದು. ರೆಕ್ಕೆಯ ಹಿಂದಿನ ಅಂಚಿನಲ್ಲಿರುವ, ಫ್ಲಾಪು ಎಂಬ ಬಾಗುವ ಹಲಗೆಗಳನ್ನು ಕೆಳಗಿಳಿಸಿದರೆ ಇನ್ನೂ ನಿಧಾನವಾಗಿ ಹಾರಬಹುದು. ನೆಲಕ್ಕೆ ಅಡಿ ಎರಡಡಿ ಇರುವಾಗ, ಅಷ್ಟು ಹೊತ್ತು ಮಾಡಬಾರದೆಂದು ತಡೆದುಕೊಂಡಿದ್ದ ಕೆಲಸವನ್ನು ಕೊನೆಗೂ ಮಾಡುತ್ತಾನೆ: ಮೂತಿ ಎತ್ತುತ್ತಾನೆ. ಓಟವೆಲ್ಲ ಕರಗಿ ರೆಕ್ಕೆ ಕೈಬಿಡುವ ಹೊತ್ತಿಗೆ ಗಾಲಿ ನೆಲದ ಮೇಲಿರುತ್ತದೆ.

ಎದುರಿಗೆ ಬೇಲಿಯೋ ಗಿಡವೋ ಬಂದರೂ ವಿಮಾನವನ್ನು ಉಳಿಸಲು ಹೋಗಬಾರದು ಎಂದು ಕಲಿಸುತ್ತಾರೆ. ರೆಕ್ಕೆ ಮುರಿಯಲಿ, ಗಾಲಿ ಕಿತ್ತುಹೋಗಲಿ. ಅವು ಮುರಿಯುತ್ತಾ ಹೊಡೆತವನ್ನು ತಾವು ನುಂಗಿಕೊಳ್ಳುತ್ತವೆ, ಜನ ಕೂತ ಜಾಗ ಉಳಿಯುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನ ಒಂದೇ ಸಮನಾಗಿ ವೇಗ ಕಳೆದುಕೊಳ್ಳುತ್ತಾ ಬರೀ 3 ಮೀಟರಿನಲ್ಲಿ ನಿಂತರೂ, ಬೆಲ್ಟು ಬಿಗಿದು ಕೂತವರು ತಡೆದುಕೊಳ್ಳಬಲ್ಲರು. ಮೂರು ಮೀಟರ್ ಅಂದರೆ ನಿಮ್ಮ ತರಗತಿಯ ಕಪ್ಪುಹಲಗೆಯಿಂದ ಎರಡನೇ ಬೆಂಚಿನವರೆಗೆ. ವೇಗ 160 ಆಗಿದ್ದರೆ 12 ಮೀಟರ್ ಬೇಕು. ಪ್ರಕೃತಿಯ ಮಗ್ಗಿ ಇಲ್ಲೂ ತಪ್ಪುವುದಿಲ್ಲ.

ಇದನ್ನೆಲ್ಲ ಪೈಲಟ್‌ಗಳು ನಿಜವಾದ ಕಷ್ಟ ಬಂದ ದಿನ ಕಲಿಯುವುದಿಲ್ಲ. ವಿದ್ಯಾರ್ಥಿ ನೆಮ್ಮದಿಯಾಗಿ ಹಾರಿಸುತ್ತಿರುವಾಗ ಪಕ್ಕದಲ್ಲಿ ಕೂತ ಗುರು ಸದ್ದಿಲ್ಲದೆ ಕೈ ಚಾಚಿ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಿ, "ಎಂಜಿನ್ ಹೋಯಿತು, ಈಗ ಎಲ್ಲಿ ಇಳಿಸ್ತೀಯ?" ಎಂದು ಕೇಳುತ್ತಾರೆ. ವಿದ್ಯಾರ್ಥಿ ಮೂತಿ ತಗ್ಗಿಸಿ, ವೇಗ ಹಿಡಿದು, ಹೊಲ ಆರಿಸಿ ಇಳಿಯತೊಡಗಬೇಕು. ನೆಲ ಹತ್ತಿರವಾಗಿ, ಈ ಹೊಲ ಸಿಗುತ್ತದೋ ಇಲ್ಲವೋ ಎಂದು ಸ್ಪಷ್ಟವಾದ ಮೇಲೆ ಶಕ್ತಿ ಕೊಟ್ಟು ಮತ್ತೆ ಮೇಲೇರುತ್ತಾರೆ. ಇಂಥ ಪರೀಕ್ಷೆಗೆ ದಿನಾಂಕ ತಿಳಿಸುವ ಪದ್ಧತಿ ಇಲ್ಲ.

ನಮ್ಮಲ್ಲೂ ಹೊಲಕ್ಕಿಳಿದ ವಿಮಾನವಿದೆ. 2023ರ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ್ದ ಪುಟ್ಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಾಗಿ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಆದದ್ದು ಸಣ್ಣಪುಟ್ಟ ಗಾಯ.

ಹೊಲದಲ್ಲಿ ಇಳಿದ ವಿಮಾನ ಮನೆಗೆ ಹೋಗುವುದು ಹೇಗೆ ಎಂದು ಕೇಳುತ್ತೀರಿ ಅಂತ ಗೊತ್ತಿತ್ತು. ಏನೂ ಮುರಿಯದೆ, ಹೊಲವೂ ಉದ್ದವಾಗಿದ್ದರೆ ಒಮ್ಮೊಮ್ಮೆ ಎಂಜಿನ್ ರಿಪೇರಿ ಮಾಡಿ ಅಲ್ಲಿಂದಲೇ ಹಾರಿಸಿಕೊಂಡು ಹೋಗುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ತನಿಖೆಯವರು ಬಂದು ನೋಡಿ, ಅಳೆದು, ಫೋಟೊ ತೆಗೆದುಕೊಂಡ ಮೇಲೆ ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ಹೊರಗೆ ಬಸಿಯುತ್ತಾರೆ. ರೆಕ್ಕೆಯೊಳಗಿನ ಪೈಪು, ತಂತಿ, ಕೇಬಲ್ಲುಗಳನ್ನು ಬಿಡಿಸುತ್ತಾರೆ. ಆಮೇಲೆ ಬೋಲ್ಟು ಕಳಚಿ, ನಾಲ್ಕಾರು ಜನ ಹೆಗಲು ಕೊಟ್ಟು ಒಂದೊಂದೇ ರೆಕ್ಕೆಯನ್ನು ಕೆಳಗಿಳಿಸಿ ಲಾರಿಗೆ ಹೇರುತ್ತಾರೆ. ಲಾರಿ ಹೊಲದೊಳಗೆ ಬರಲಾಗದಿದ್ದರೆ ಊರಿನವರ ಟ್ರ್ಯಾಕ್ಟರೇ ಗತಿ.